ಸ್ವನಿರ್ಮಿತ ಕ್ವಾಡ್‌ಕಾಪ್ಟರ್ ಡ್ರೋನಿಗೆ ವೇಗ ನಿಯಂತ್ರಕಗಳ ಆಯ್ಕೆ: ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ಮತ್ತು ಮುಂಡಗೋಡ ತಾಲೂಕುಗಳು ಮಲೆನಾಡಿನ ಅಂಚಿನಲ್ಲಿವೆ. ಇಲ್ಲಿ ಭತ್ತ, ಗೋವಿನಜೋಳ, ಕಬ್ಬು, ಹತ್ತಿ ಹಾಗೂ ಶುಂಠಿ ಬೆಳೆಗಳು ಅಕ್ಕಪಕ್ಕದಲ್ಲಿಯೇ ಕಂಡುಬರುತ್ತವೆ. ಜೋಯಿಡಾ ಮತ್ತು ದಾಂಡೇಲಿ ಭಾಗದಲ್ಲಿ ದಟ್ಟ ಕಾಡಿನ ನಡುವೆ ಭತ್ತದ ಗದ್ದೆ, ಅಡಿಕೆ ತೋಟ ಮತ್ತು ಗೆಡ್ಡೆಗೆಣಸಿನ ಹಿತ್ತಿಲುಗಳಿವೆ. ಆಳೆತ್ತರ ಬೆಳೆದ ಕಬ್ಬಿನ ಒಳಗೆ ಬೆಳೆ ಎಲ್ಲಿ ಬಿದ್ದಿದೆ, ಗೋವಿನಜೋಳದಲ್ಲಿ ಎಲ್ಲಿ ನೀರು ನಿಂತಿದೆ, ಶುಂಠಿ ಮಡಿಗಳಲ್ಲಿ ಹಳದಿ ಬಣ್ಣ ಯಾವ ಮೂಲೆಯಿಂದ ಹರಡುತ್ತಿದೆ, ಹಿಂದಿನ ರಾತ್ರಿ ಬಂದ ಆನೆಗಳು ಎಷ್ಟು ಗದ್ದೆ ತುಳಿದಿವೆ ಎಂಬುದನ್ನು ಮೇಲಿನಿಂದ ನೋಡಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಈ ಕಾರಣದಿಂದ ಡಿಪ್ಲೊಮಾ ಅಥವಾ ಐಟಿಐ ಓದಿದ ಗ್ರಾಮೀಣ ಯುವಕರು ಬಿಡಿಭಾಗಗಳನ್ನು ತರಿಸಿಕೊಂಡು ತಾವೇ ಸಣ್ಣ ಡ್ರೋನು ಜೋಡಿಸಲು ಆಸಕ್ತಿ ತೋರುತ್ತಿದ್ದಾರೆ.

ಹೀಗೆ ಜೋಡಿಸುವವರು ಕ್ಯಾಮೆರಾ ಮತ್ತು ಬ್ಯಾಟರಿಗೆ ಕೊಡುವ ಗಮನವನ್ನು ವೇಗ ನಿಯಂತ್ರಕಗಳಿಗೆ ಕೊಡುವುದಿಲ್ಲ. ಆದರೆ ನಾಲ್ಕು ಮೋಟಾರುಗಳ ಡ್ರೋನಿನಲ್ಲಿ ಒಂದು ವೇಗ ನಿಯಂತ್ರಕ ಕೆಟ್ಟರೂ ಡ್ರೋನು ಸಮತೋಲ ಕಳೆದುಕೊಂಡು ಮಗುಚಿ ಬೀಳುತ್ತದೆ. 1.4 ಕಿ.ಗ್ರಾಂ. ತೂಕದ ಡ್ರೋನು 30 ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಲ್ಲಿ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 87 ಕಿ.ಮೀ. ಇರುತ್ತದೆ. ಗದ್ದೆಯಲ್ಲಿ ಕಳೆ ಕೀಳುತ್ತಿರುವವರ ತಲೆಯ ಮೇಲೆ ಅದು ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ತರಗೆಲೆ ತುಂಬಿದ ಕಾಡಂಚಿನಲ್ಲಿ ಬಿದ್ದು ಅದರ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕಾಡ್ಗಿಚ್ಚಿಗೂ ಕಾರಣವಾಗಬಹುದು. ಆದುದರಿಂದ ಈ ಪುಟ್ಟ ಭಾಗದ ಆಯ್ಕೆಯಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ವೇಗ ನಿಯಂತ್ರಕ ಎಂದರೇನು?

ಅಂಗಡಿಯಲ್ಲಿ ಇದನ್ನು ಇಎಸ್‌ಸಿ ಎಂದು ಕೇಳಬೇಕು. ಬ್ಯಾಟರಿಯಿಂದ ಬರುವುದು ಏಕಮುಖ ವಿದ್ಯುತ್. ಡ್ರೋನಿನ ಬ್ರಷ್‌ರಹಿತ ಮೋಟಾರಿಗೆ ಮೂರು ತಂತಿಗಳಿದ್ದು, ಅವುಗಳಿಗೆ ಸರದಿಯಂತೆ ವಿದ್ಯುತ್ ಹರಿಸಿದಾಗ ಮಾತ್ರ ಅದು ತಿರುಗುತ್ತದೆ. ಈ ಸರದಿಯನ್ನು ನಡೆಸುವುದು ವೇಗ ನಿಯಂತ್ರಕದ ಕೆಲಸ. ಅದರೊಳಗೆ ಒಂದು ಸಣ್ಣ ಸಂಸ್ಕಾರಕ ಮತ್ತು ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್‌ಗಳಿರುತ್ತವೆ. ವಿದ್ಯುತ್ ಹರಿಯದ ಮೂರನೆಯ ತಂತಿಯಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ಗಮನಿಸಿ, ಮೋಟಾರಿನ ಕಾಂತಗಳು ಯಾವ ಸ್ಥಾನದಲ್ಲಿವೆ ಎಂಬುದನ್ನು ಸಂಸ್ಕಾರಕ ಅರಿಯುತ್ತದೆ. ಹಾರಾಟ ನಿಯಂತ್ರಕವು ಪ್ರತಿ ಸೆಕೆಂಡಿಗೆ ನೂರಾರು ಬಾರಿ ಆದೇಶ ಕಳುಹಿಸುತ್ತದೆ. ಅದಕ್ಕೆ ತಕ್ಕಂತೆ ಮೋಟಾರಿನ ವೇಗ ಬದಲಾದರೆ ಮಾತ್ರ ಡ್ರೋನು ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ.

ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಮೋಟಾರಿನ ಅಶ್ವಶಕ್ತಿ ನೋಡದೆ ಯಾರೂ ಕೊಳ್ಳುವುದಿಲ್ಲ. ಅದರಂತೆಯೇ ವೇಗ ನಿಯಂತ್ರಕವನ್ನು ಕೊನೆಯಲ್ಲಿ ಕೊಳ್ಳಬೇಕು. ಮೊದಲು ಡ್ರೋನಿನ ಒಟ್ಟು ತೂಕ, ಆನಂತರ ಮೋಟಾರು ಮತ್ತು ಪ್ರೊಪೆಲ್ಲರ್, ಆಮೇಲೆ ಬ್ಯಾಟರಿ, ಇವು ನಿಶ್ಚಯವಾದ ಮೇಲೆ ಇದರ ಆಯ್ಕೆ ಬರುತ್ತದೆ.

ಆಯ್ಕೆಯ ಕ್ರಮ

1. ಆಂಪಿಯರ್ ಸಾಮರ್ಥ್ಯ

ಮೋಟಾರು ತಯಾರಕರು ಪ್ರತಿ ಮೋಟಾರಿಗೆ ಒಂದು ಕೋಷ್ಟಕ ಕೊಡುತ್ತಾರೆ. ಯಾವ ಪ್ರೊಪೆಲ್ಲರ್ ಮತ್ತು ಯಾವ ವೋಲ್ಟೇಜಿನಲ್ಲಿ ಎಷ್ಟು ಗ್ರಾಂ ಎತ್ತುವ ಬಲ ಮತ್ತು ಎಷ್ಟು ಆಂಪಿಯರ್ ಬಳಕೆಯಾಗುತ್ತದೆ ಎಂಬುದು ಅದರಲ್ಲಿರುತ್ತದೆ. ಪೂರ್ಣ ವೇಗದ ಆಂಪಿಯರನ್ನು ಅದರಿಂದ ಗುರುತಿಸಿಕೊಳ್ಳಬೇಕು. ಕೋಷ್ಟಕವಿಲ್ಲದ ಮೋಟಾರನ್ನು ಕೊಳ್ಳದಿರುವುದು ಒಳ್ಳೆಯದು.

ಉದಾಹರಣೆಗೆ, ಹವ್ಯಾಸಿಗಳು ಹೆಚ್ಚಾಗಿ ಬಳಸುವ 450 ಮಿ.ಮೀ. ಚೌಕಟ್ಟು, 2212 ಗಾತ್ರದ 920 ಕೆವಿ ಮೋಟಾರು, 10 ಇಂಚಿನ ಪ್ರೊಪೆಲ್ಲರ್ ಮತ್ತು ಮೂರು ಕೋಶಗಳ ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಇಲ್ಲಿ ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಕೋಷ್ಟಕದಲ್ಲಿ ಪೂರ್ಣ ವೇಗಕ್ಕೆ 800 ಗ್ರಾಂ ಬಲ ಮತ್ತು 15 ಆಂಪಿಯರ್ ಎಂದಿದೆ ಎಂದುಕೊಳ್ಳಿ. ನಾಲ್ಕು ಮೋಟಾರುಗಳ ಒಟ್ಟು ಬಲ 3,200 ಗ್ರಾಂ. ಡ್ರೋನಿನ ತೂಕ 1,400 ಗ್ರಾಂ ಇದ್ದರೆ ಬಲವು ತೂಕದ ಸುಮಾರು 2.3 ಪಟ್ಟಾಗುತ್ತದೆ. ಕನಿಷ್ಠ ಎರಡು ಪಟ್ಟು ಇರಬೇಕೆಂಬ ನಿಯಮಕ್ಕೆ ಇದು ಸರಿಹೊಂದುತ್ತದೆ.

15 ಆಂಪಿಯರಿಗೆ ಶೇ. 30ರಷ್ಟು ಹೆಚ್ಚುವರಿ ಸೇರಿಸಿದರೆ 19.5 ಆಗುತ್ತದೆ. ಅಂದರೆ 20 ಆಂಪಿಯರ್ ನಿಯಂತ್ರಕ ಲೆಕ್ಕಕ್ಕೆ ಸಾಕು. ಆದರೆ ಏಪ್ರಿಲ್-ಮೇ ತಿಂಗಳ ಬಿಸಿಲು ಮತ್ತು ಮಲೆನಾಡಿನ ತೇವವನ್ನು ಗಮನಿಸಿ 30 ಆಂಪಿಯರಿನದನ್ನು ಆರಿಸುವುದು ಸೂಕ್ತ. ಮಾಸ್‌ಫೆಟ್‌ಗಳಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆಂಪಿಯರ್ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಆದುದರಿಂದಲೇ ಅಂಚಿನ ಲೆಕ್ಕ ಅಪಾಯಕಾರಿ. ಹಾಗೆಂದು 60 ಅಥವಾ 80 ಆಂಪಿಯರಿನದನ್ನು ಕೊಂಡರೆ ತೂಕ ಮತ್ತು ಹಣ ಎರಡೂ ವ್ಯರ್ಥ.

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ನಿರಂತರ ಸಾಮರ್ಥ್ಯವನ್ನು ಮಾತ್ರ ಪರಿಗಣಿಸಬೇಕು. ಕ್ಷಣಿಕ ಸಾಮರ್ಥ್ಯವು ಸಾಮಾನ್ಯವಾಗಿ 10 ಸೆಕೆಂಡುಗಳಿಗೆ ಮಾತ್ರ ಅನ್ವಯಿಸುತ್ತದೆ. ನಿರಂತರ ಸಾಮರ್ಥ್ಯವೂ ಗಾಳಿ ಚೆನ್ನಾಗಿ ಆಡುವ ಸ್ಥಳದಲ್ಲಿ ಅಳೆದದ್ದು. ನಿಯಂತ್ರಕವನ್ನು ಚೌಕಟ್ಟಿನ ಮುಚ್ಚಿದ ಹೊಟ್ಟೆಯೊಳಗೆ ತುರುಕದೆ, ತೋಳಿನ ಕೆಳಗೆ ಪ್ರೊಪೆಲ್ಲರಿನ ಗಾಳಿ ತಾಗುವಂತೆ ಕಟ್ಟಬೇಕು.

2. ವೋಲ್ಟೇಜ್ ಮಿತಿ

ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶದ ನಾಮಮಾತ್ರ ವೋಲ್ಟೇಜ್ 3.7, ಪೂರ್ಣ ಚಾರ್ಜ್ ಆದಾಗ 4.2. ಆದುದರಿಂದ 3 ಕೋಶಗಳ ಬ್ಯಾಟರಿ 12.6 ವೋಲ್ಟ್, 4 ಕೋಶಗಳದು 16.8 ವೋಲ್ಟ್ ಮತ್ತು 6 ಕೋಶಗಳದು 25.2 ವೋಲ್ಟ್ ವರೆಗೆ ಏರುತ್ತದೆ. ನಿಯಂತ್ರಕದ ಮೇಲೆ 2-4ಎಸ್ ಎಂದು ಬರೆದಿದ್ದರೆ ನಾಲ್ಕು ಕೋಶಗಳಿಗಿಂತ ಹೆಚ್ಚಿನ ಬ್ಯಾಟರಿಯನ್ನು ಒಂದು ಕ್ಷಣವೂ ಜೋಡಿಸಬಾರದು. ಆಂಪಿಯರ್ ಮೀರಿದರೆ ನಿಯಂತ್ರಕ ಬಿಸಿಯಾಗಿ ಸೂಚನೆ ಕೊಡುತ್ತದೆ. ವೋಲ್ಟೇಜ್ ಮೀರಿದರೆ ಸೂಚನೆಯಿಲ್ಲದೆ ಸುಟ್ಟುಹೋಗುತ್ತದೆ.

ಬ್ಯಾಟರಿಯಿಂದ ನಿಯಂತ್ರಕಕ್ಕೆ ಹೋಗುವ ತಂತಿಯನ್ನು ಉದ್ದ ಮಾಡಬಾರದು. ಉದ್ದವಾದ ತಂತಿಯಲ್ಲಿ ಪ್ರತಿ ಸಲ ವಿದ್ಯುತ್ ಕಡಿದಾಗಲೂ ವೋಲ್ಟೇಜ್ ಚಿಮ್ಮಿ, ನಿಯಂತ್ರಕದ ಕೆಪಾಸಿಟರನ್ನು ಹಾಳು ಮಾಡುತ್ತದೆ. ಉದ್ದ ಬೇಕಿದ್ದಲ್ಲಿ ಮೋಟಾರಿನ ಕಡೆಯ ಮೂರು ತಂತಿಗಳನ್ನು ಉದ್ದ ಮಾಡಬೇಕು.

3. ಕಡಿಮೆ ವೋಲ್ಟೇಜ್ ಕಡಿತ

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ನಿಯಂತ್ರಕಗಳಲ್ಲಿ ಹಲವು ರೆಕ್ಕೆಯ ಮಾದರಿ ವಿಮಾನಗಳಿಗೆ ತಯಾರಾದವು. ಬ್ಯಾಟರಿ ಇಳಿದಾಗ ಅದನ್ನು ಉಳಿಸಲು ಅವು ಮೋಟಾರನ್ನು ನಿಲ್ಲಿಸುತ್ತವೆ. ರೆಕ್ಕೆಯಿರುವ ವಿಮಾನ ತೇಲುತ್ತಾ ಇಳಿಯಬಲ್ಲದು. ಕ್ವಾಡ್‌ಕಾಪ್ಟರ್ ಕಲ್ಲಿನಂತೆ ಬೀಳುತ್ತದೆ. ಆದುದರಿಂದ ಈ ಕಡಿತವನ್ನು ಸಂಪೂರ್ಣ ನಿಲ್ಲಿಸಲು ಅವಕಾಶವಿರುವ ನಿಯಂತ್ರಕವನ್ನೇ ಕೊಳ್ಳಬೇಕು. ಬ್ಯಾಟರಿಯ ಎಚ್ಚರಿಕೆಯನ್ನು ಹಾರಾಟ ನಿಯಂತ್ರಕದಲ್ಲಿ ಹೊಂದಿಸಬೇಕು: ಪ್ರತಿ ಕೋಶಕ್ಕೆ 3.5 ವೋಲ್ಟ್, ಅಂದರೆ ಮೂರು ಕೋಶಗಳ ಬ್ಯಾಟರಿಯಲ್ಲಿ 10.5 ವೋಲ್ಟ್ ತಲುಪಿದಾಗ ಡ್ರೋನು ಮರಳಿ ಇಳಿಯುವಂತಿರಬೇಕು.

ಇದೇ ಕಾರಣಕ್ಕೆ ನಿಧಾನ ಆರಂಭ ಎಂಬ ಸೌಲಭ್ಯವನ್ನೂ ನಿಲ್ಲಿಸಬೇಕು. ಆಟಿಕೆ ಕಾರಿನ ನಿಯಂತ್ರಕವನ್ನು, ಆಂಪಿಯರ್ ಹೊಂದಿದರೂ, ಬಳಸಬಾರದು.

4. ಮೊದಲೇ ತುಂಬಿದ ತಂತ್ರಾಂಶ ಮತ್ತು ಸಂಕೇತ ವಿಧಾನ

ಹಳೆಯ ಪಿಡಬ್ಲ್ಯುಎಂ ವಿಧಾನದಲ್ಲಿ ಆದೇಶವು 1,000ರಿಂದ 2,000 ಮೈಕ್ರೊಸೆಕೆಂಡಿನ ಮಿಡಿತವಾಗಿ ಹೋಗುತ್ತದೆ. ಒನ್‌ಶಾಟ್125 ಎಂಬುದರಲ್ಲಿ ಅದು 125ರಿಂದ 250 ಮೈಕ್ರೊಸೆಕೆಂಡು. ಡಿಶಾಟ್ ವಿಧಾನದಲ್ಲಿ ಆದೇಶವು ಅಂಕಿಗಳಾಗಿ ಹೋಗುವುದರಿಂದ ವೇಗದ ಮಿತಿಗಳನ್ನು ಹೊಂದಿಸುವ ಅಗತ್ಯವಿಲ್ಲ ಮತ್ತು ಕೆಟ್ಟ ಸಂಕೇತವನ್ನು ನಿಯಂತ್ರಕವೇ ತಿರಸ್ಕರಿಸುತ್ತದೆ. ಬೆಳೆ ವೀಕ್ಷಣೆಯ ನಿಧಾನಗತಿಯ ಡ್ರೋನಿಗೆ ಪಿಡಬ್ಲ್ಯುಎಂ ಸಾಕಾಗುತ್ತದೆ. ಹೊಸದಾಗಿ ಕೊಳ್ಳುವವರು ಡಿಶಾಟ್300 ಅಥವಾ ಡಿಶಾಟ್600 ಸ್ವೀಕರಿಸುವುದನ್ನು ಆರಿಸಬಹುದು; ತಮ್ಮ ಹಾರಾಟ ನಿಯಂತ್ರಕವೂ ಅದನ್ನು ಕಳುಹಿಸಬಲ್ಲದೇ ಎಂದು ಮೊದಲು ನೋಡಿಕೊಳ್ಳಬೇಕು.

ತಂತ್ರಾಂಶಗಳಲ್ಲಿ ಬಿಎಲ್‌ಹೆಲಿ_ಎಸ್ ಮತ್ತು ಮುಕ್ತ ತಂತ್ರಾಂಶವಾದ ಎಎಂ32 ಇಂದು ಬಳಕೆಯಲ್ಲಿವೆ. ಬಿಎಲ್‌ಹೆಲಿ_32ರ ಅಭಿವೃದ್ಧಿ 2024ರಲ್ಲಿ ನಿಂತಿರುವುದರಿಂದ ಹೊಸ ಖರೀದಿಗೆ ಅದನ್ನು ಆರಿಸದಿರುವುದು ಮೇಲು. ನಾಲ್ಕೂ ನಿಯಂತ್ರಕಗಳು ಒಂದೇ ತಯಾರಿಕೆ, ಒಂದೇ ಸಾಮರ್ಥ್ಯ ಮತ್ತು ಒಂದೇ ತಂತ್ರಾಂಶದ್ದಾಗಿರಬೇಕು. ನಾಲ್ಕು ಬೇಕಿದ್ದಲ್ಲಿ ಐದು ಕೊಳ್ಳಿರಿ. ಆರು ತಿಂಗಳ ನಂತರ ಅದೇ ಮಾದರಿ ಸಿಗುವುದೆಂಬ ಭರವಸೆ ಇರುವುದಿಲ್ಲ.

ಚಪ್ಪಟೆಯಾದ ದೊಡ್ಡ ವ್ಯಾಸದ ಮೋಟಾರುಗಳಲ್ಲಿ ವೇಗ ಹಠಾತ್ತನೆ ಹೆಚ್ಚಿದಾಗ ನಿಯಂತ್ರಕವು ಕಾಂತಗಳ ಸ್ಥಾನದ ಲೆಕ್ಕ ತಪ್ಪಿ ಮೋಟಾರು ತೊದಲುವುದುಂಟು. ನೆಲದ ಮೇಲೆ ಪರೀಕ್ಷಿಸುವಾಗ ಕರ್ಕಶ ಶಬ್ದದೊಂದಿಗೆ ಮೋಟಾರು ತಡವರಿಸಿದರೆ ಅದೇ ದೋಷ. ಟೈಮಿಂಗನ್ನು ಮಧ್ಯಮಕ್ಕೆ ಬದಲಿಸಿ ನೋಡಬೇಕು. ದೋಷ ಉಳಿದರೆ ಆ ನಿಯಂತ್ರಕ ಆ ಮೋಟಾರಿಗೆ ತಕ್ಕುದಲ್ಲ.

5. ಬಿಇಸಿ ಇರುವುದೋ, ಇಲ್ಲದಿರುವುದೋ?

ಕೆಲವು ನಿಯಂತ್ರಕಗಳಲ್ಲಿ ಹಾರಾಟ ನಿಯಂತ್ರಕಕ್ಕೆ 5 ವೋಲ್ಟ್ ಒದಗಿಸುವ ಬಿಇಸಿ ಎಂಬ ಭಾಗವಿರುತ್ತದೆ. ಓಪ್ಟೊ ಎಂದು ಬರೆದಿರುವುದರಲ್ಲಿ ಅದು ಇರುವುದಿಲ್ಲ. ನಾಲ್ಕು ಬಿಇಸಿಗಳು ಒಟ್ಟಿಗೆ ವಿದ್ಯುತ್ ಕೊಟ್ಟರೆ ಒಂದರ ಮೇಲೊಂದು ಹೊರೆ ಬೀಳುವ ಸಂಭವವಿದೆ. ಆದುದರಿಂದ ಮೂರು ನಿಯಂತ್ರಕಗಳ ಸಂಕೇತ ತಂತಿಯಲ್ಲಿರುವ ಕೆಂಪು ಎಳೆಯನ್ನು ಬೇರ್ಪಡಿಸಿ ಟೇಪು ಸುತ್ತಬೇಕು. ಇದಕ್ಕಿಂತ ಉತ್ತಮವೆಂದರೆ ಬಿಇಸಿ ಇಲ್ಲದ ನಿಯಂತ್ರಕಗಳನ್ನು ಕೊಂಡು, ಹಾರಾಟ ನಿಯಂತ್ರಕಕ್ಕೆ ಪ್ರತ್ಯೇಕ ಪವರ್ ಮಾಡ್ಯೂಲ್ ಅಳವಡಿಸುವುದು. ಆಗ ಒಂದು ನಿಯಂತ್ರಕದ ಬಿಸಿ ಇಡೀ ಡ್ರೋನಿನ ಮೆದುಳನ್ನು ಆರಿಸುವುದಿಲ್ಲ.

6. ಬಿಡಿಯಾದವೋ, ನಾಲ್ಕು ಸೇರಿದ ಒಂದೇ ಫಲಕವೋ?

ನಾಲ್ಕು ನಿಯಂತ್ರಕಗಳನ್ನು ಒಂದೇ ಫಲಕದಲ್ಲಿ ಜೋಡಿಸಿದ ಮಾದರಿಯು ಹಗುರ ಮತ್ತು ಅಚ್ಚುಕಟ್ಟು. ಆದರೆ ಅದರಲ್ಲಿ ಒಂದು ಭಾಗ ಸುಟ್ಟರೂ ಇಡೀ ಫಲಕ ಬದಲಿಸಬೇಕು. ಬಿಡಿಭಾಗಗಳಿಗೆ ಹುಬ್ಬಳ್ಳಿ ಅಥವಾ ಬೆಳಗಾವಿಗೆ ಹೋಗಬೇಕಾದ, ಇಲ್ಲವೇ ಕೊರಿಯರ್ ಕಾಯಬೇಕಾದ ನಮ್ಮ ತಾಲೂಕುಗಳಲ್ಲಿ ಬಿಡಿ ನಿಯಂತ್ರಕಗಳೇ ಅನುಕೂಲ. ಕೆಟ್ಟುದನ್ನು ಮಾತ್ರ ತೆಗೆದು ಬೆಸೆಯಬಹುದು.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

• 30 ಆಂಪಿಯರ್ ಎಂದು ಬರೆದಿದ್ದರೂ ತಂತಿ ಸಪೂರವಾಗಿದ್ದರೆ ಆ ಸಂಖ್ಯೆಯನ್ನು ನಂಬಬಾರದು. ಈ ಸಾಮರ್ಥ್ಯಕ್ಕೆ 16 ಗೇಜಿನ ಸಿಲಿಕಾನ್ ಹೊದಿಕೆಯ ತಂತಿ ಇರುವುದು ವಾಡಿಕೆ.
• ಶಾಖ ಹೀರುವ ಲೋಹದ ತಗಡು ಮತ್ತು ಬ್ಯಾಟರಿ ತುದಿಯಲ್ಲಿ ಕೆಪಾಸಿಟರ್ ಇವೆಯೇ ಎಂದು ನೋಡಬೇಕು.
• ತಯಾರಕರ ಕೈಪಿಡಿ ಮತ್ತು ಜಿಎಸ್‌ಟಿ ರಸೀದಿ ಪಡೆಯಬೇಕು.
• ಪೂರ್ಣ ಸಿದ್ಧ ಡ್ರೋನುಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದೆ. ಬಿಡಿಭಾಗಗಳ ಆಮದಿಗೆ ಆಗ ನಿರ್ಬಂಧ ವಿಧಿಸಲಿಲ್ಲ. ಬಿಡಿಭಾಗಗಳನ್ನು ದೇಶದೊಳಗಿನ ಮಾರಾಟಗಾರರಿಂದ ಕೊಂಡರೆ ಕೆಟ್ಟಾಗ ಹಿಂದಿರುಗಿಸುವುದು ಸುಲಭ.

ಜೋಡಣೆ ಮತ್ತು ಪರೀಕ್ಷೆ

ಪ್ರೊಪೆಲ್ಲರುಗಳನ್ನು ಕಳಚಿಟ್ಟೇ ಎಲ್ಲ ಜೋಡಣೆ ಮತ್ತು ಹೊಂದಾಣಿಕೆ ಮಾಡಬೇಕು. ಇದಕ್ಕೆ ಯಾವ ವಿನಾಯಿತಿಯೂ ಇಲ್ಲ. 10 ಇಂಚಿನ ಪ್ರೊಪೆಲ್ಲರ್ ಬೆರಳನ್ನು ಮೂಳೆಯವರೆಗೆ ಕತ್ತರಿಸಬಲ್ಲದು.

ಮೊದಲ ಬಾರಿ ಬ್ಯಾಟರಿ ಜೋಡಿಸುವಾಗ ಧನ ತಂತಿಯಲ್ಲಿ ವಾಹನದ 12 ವೋಲ್ಟ್, 21 ವ್ಯಾಟ್ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿರಿ. ಬಲ್ಬು ಒಮ್ಮೆ ಮಿನುಗಿ ಮಂದವಾದರೆ ಜೋಡಣೆ ಸರಿಯಿದೆ. ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಎಲ್ಲೋ ತಂತಿಗಳು ಕೂಡಿಕೊಂಡಿವೆ. ತಕ್ಷಣ ಬ್ಯಾಟರಿ ತೆಗೆಯಬೇಕು. ಈ ಕ್ರಮ ಮೂರು ಕೋಶಗಳ ಬ್ಯಾಟರಿಗೆ ಅನ್ವಯಿಸುತ್ತದೆ.

ಯಾವುದಾದರೂ ಮೋಟಾರು ವಿರುದ್ಧ ದಿಕ್ಕಿನಲ್ಲಿ ತಿರುಗಿದರೆ ಅದರ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಪಿಡಬ್ಲ್ಯುಎಂ ವಿಧಾನ ಬಳಸುವವರು ಕೈಪಿಡಿಯಂತೆ ನಾಲ್ಕೂ ನಿಯಂತ್ರಕಗಳ ಕನಿಷ್ಠ ಮತ್ತು ಗರಿಷ್ಠ ವೇಗದ ಮಿತಿಯನ್ನು ಒಂದೇ ಸಲ ಹೊಂದಿಸಬೇಕು; ಇಲ್ಲದಿದ್ದರೆ ಒಂದು ಮೋಟಾರು ತಡವಾಗಿ ಎದ್ದು ಡ್ರೋನು ಏಳುವಾಗಲೇ ವಾಲುತ್ತದೆ. ನಿಯಂತ್ರಕಗಳ ದಪ್ಪ ತಂತಿಗಳು ದಿಕ್ಸೂಚಿಯ ಬಳಿ ಹಾಯದಂತೆ ನೋಡಿಕೊಳ್ಳಬೇಕು.

ಆನಂತರ ಪ್ರೊಪೆಲ್ಲರ್ ಹಾಕಿ, ಮನುಷ್ಯರು ಮತ್ತು ದನಕರುಗಳಿಲ್ಲದ ಬಯಲಿನಲ್ಲಿ ಎರಡು ಮೀಟರ್ ಎತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ ಇಳಿಸಿರಿ. ಬ್ಯಾಟರಿ ಬೇರ್ಪಡಿಸಿ ನಾಲ್ಕೂ ನಿಯಂತ್ರಕಗಳನ್ನು ಮುಟ್ಟಿ ನೋಡಿರಿ. ಉಗುರು ಬೆಚ್ಚಗಿದ್ದರೆ ಸರಿ. ಮೂರು ಸೆಕೆಂಡು ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ಸಾಮರ್ಥ್ಯ ಸಾಲದು. ಒಂದು ಮಾತ್ರ ಬಿಸಿಯಾಗಿದ್ದರೆ ಆ ತೋಳಿನ ಮೋಟಾರಿನ ಬೇರಿಂಗ್, ಬೆಸುಗೆ ಅಥವಾ ಬಾಗಿದ ತೋಳನ್ನು ಪರಿಶೀಲಿಸಬೇಕು.

ಬ್ಯಾಟರಿಯ ಲೆಕ್ಕವೂ ಇದರೊಂದಿಗೇ ಇರಲಿ. ಮೇಲಿನ ಉದಾಹರಣೆಯ ಡ್ರೋನು ನಿಂತಲ್ಲೇ ನಿಲ್ಲಲು ಒಟ್ಟು 18 ಆಂಪಿಯರ್ ಬಳಸುತ್ತದೆಂದು ಅಳತೆಯಲ್ಲಿ ಕಂಡರೆ, 5 ಆಂಪಿಯರ್-ಗಂಟೆಯ ಬ್ಯಾಟರಿಯ ಶೇ. 80ರಷ್ಟನ್ನು, ಅಂದರೆ 4 ಆಂಪಿಯರ್-ಗಂಟೆಯನ್ನು ಮಾತ್ರ ಬಳಸಿದಾಗ ಸುಮಾರು 13 ನಿಮಿಷ ಹಾರಾಟ ಸಿಗುತ್ತದೆ. ನಾಲ್ಕೂ ಮೋಟಾರುಗಳು ಪೂರ್ಣ ವೇಗದಲ್ಲಿದ್ದರೆ 60 ಆಂಪಿಯರ್ ಬೇಕು. 20ಸಿ ಎಂದು ಬರೆದಿರುವ 5 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕದಲ್ಲಿ 100 ಆಂಪಿಯರ್ ಕೊಡಬಲ್ಲದು.

ಮಲೆನಾಡಿನ ಹವೆಗೆ ವಿಶೇಷ ಎಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಜೋಯಿಡಾ ಮತ್ತು ದಾಂಡೇಲಿ ಭಾಗದಲ್ಲಿ ಸ್ವನಿರ್ಮಿತ ಡ್ರೋನು ಹಾರಿಸುವುದು ಸೂಕ್ತವಲ್ಲ. ಭತ್ತ ಕೊಯ್ಲಿನ ನವೆಂಬರ್-ಡಿಸೆಂಬರ್ ತಿಂಗಳ ಮುಂಜಾನೆಯಲ್ಲಿ ಮಂಜು ಮತ್ತು ಇಬ್ಬನಿ ನಿಯಂತ್ರಕದ ಮೇಲೆ ಹನಿಗಟ್ಟುತ್ತವೆ. ಬಿಸಿಲು ಏರಿ ಇಬ್ಬನಿ ಆರಿದ ಮೇಲೆ ಹಾರಿಸಬೇಕು. ಫಲಕಕ್ಕೆ ವಿದ್ಯುನ್ಮಾನ ಫಲಕಗಳಿಗೆಂದೇ ಸಿಗುವ ಸಿಲಿಕಾನ್ ಲೇಪ ಹಚ್ಚಿ ಹೀಟ್ ಶ್ರಿಂಕ್ ಕೊಳವೆ ಹಾಕಿದರೆ ತೇವದಿಂದ ರಕ್ಷಣೆ ದೊರೆಯುತ್ತದೆ. ಬ್ಯಾಟರಿಯನ್ನು ಹುಲ್ಲಿನ ಬಣವೆ, ಹತ್ತಿ ಕೂಡಿಟ್ಟ ಕೋಣೆ ಅಥವಾ ಕೊಟ್ಟಿಗೆಯಲ್ಲಿ ಚಾರ್ಜ್ ಮಾಡಬಾರದು. ಪ್ರತಿ ಕೋಶ 3.8 ವೋಲ್ಟ್ ಇರುವಂತೆ ಇಟ್ಟು, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಳ್ಳಿರಿ.

ನಿಯಮಗಳು

ಭಾರತದಲ್ಲಿ ಡ್ರೋನು ನಿಯಮಗಳು 2021ರ ಆಗಸ್ಟ್ 25ರಂದು ಪ್ರಕಟವಾದವು. 250 ಗ್ರಾಂ ವರೆಗೆ ನ್ಯಾನೊ, ಅಲ್ಲಿಂದ 2 ಕಿ.ಗ್ರಾಂ. ವರೆಗೆ ಮೈಕ್ರೊ ಹಾಗೂ 2ರಿಂದ 25 ಕಿ.ಗ್ರಾಂ. ವರೆಗೆ ಸಣ್ಣ ಡ್ರೋನು ಎಂಬ ವರ್ಗಗಳಿವೆ. ಮೈಕ್ರೊ ವರ್ಗವನ್ನು ವಾಣಿಜ್ಯೇತರವಾಗಿ ಹಾರಿಸಲು ಪೈಲಟ್ ಪರವಾನಗಿ ಬೇಕಿಲ್ಲ; ಆದರೆ ನೋಂದಣಿ ಮತ್ತು ವಾಯುಪ್ರದೇಶದ ನಿಯಮಗಳು ಅನ್ವಯಿಸುತ್ತವೆ. ಹಸಿರು ವಲಯದಲ್ಲಿ 400 ಅಡಿ ಎತ್ತರದ ಮಿತಿಯಿದೆ. ಕಲಿಕೆ, ಪರೀಕ್ಷೆ ಮತ್ತು ಹವ್ಯಾಸಕ್ಕಾಗಿ ಕಣ್ಣಳತೆಯೊಳಗೆ ಹಾರಿಸುವ ಮಾದರಿ ಡ್ರೋನಿಗೆ ವಿಧ ಪ್ರಮಾಣಪತ್ರದ ವಿನಾಯಿತಿ ಇದೆ. ನಿಯಮಗಳು ಪರಿಷ್ಕರಣೆಗೊಳ್ಳುತ್ತಿರುವುದರಿಂದ ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಊರಿನ ವಲಯವನ್ನು ಪರಿಶೀಲಿಸುವುದು ಕಡ್ಡಾಯ.

ಸ್ವನಿರ್ಮಿತ ಡ್ರೋನಿನಿಂದ ಕೀಟನಾಶಕ ಸಿಂಪಡಿಸಬಾರದು, ಬಾಡಿಗೆಗೂ ಹಾರಿಸಬಾರದು. ಡ್ರೋನಿನ ಮೂಲಕ ಸಿಂಪರಣೆಗೆ ಕೇಂದ್ರ ಕೃಷಿ ಸಚಿವಾಲಯವು 2021ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿದೆ. ಅದಕ್ಕೆ ಪ್ರಮಾಣೀಕೃತ ಡ್ರೋನು ಮತ್ತು ತರಬೇತಿ ಪಡೆದ ಪೈಲಟ್ ಇರಬೇಕು.

ಜೋಯಿಡಾ ಮತ್ತು ದಾಂಡೇಲಿಯ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ ಅಥವಾ ಅದರ ಅಂಚಿನಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಡ್ರೋನು ಹಾರಿಸಬಾರದು. ಸೂಪಾ ಅಣೆಕಟ್ಟು, ಕೈಗಾ ಅಣುವಿದ್ಯುತ್ ಸ್ಥಾವರದಂತಹ ಸ್ಥಳಗಳ ಸಮೀಪವೂ ಸಲ್ಲದು. ಗದ್ದೆಗೆ ಬಂದ ಆನೆಗಳನ್ನು ಡ್ರೋನಿನಿಂದ ಬೆದರಿಸಲು ಹೋದರೆ ಅವು ಕೆರಳಿ ಪಕ್ಕದ ಗದ್ದೆಯ ಕಾವಲುಗಾರರ ಮೇಲೆ ನುಗ್ಗಬಹುದು. ಆನೆಗಳು ಕಾಡಿಗೆ ಮರಳಿದ್ದನ್ನು ಅರಣ್ಯ ಸಿಬ್ಬಂದಿ ಖಚಿತಪಡಿಸಿದ ಮೇಲೆ, ಹಾನಿಯ ಚಿತ್ರ ತೆಗೆಯಲು ಮಾತ್ರ ಬಳಸಿರಿ. ಮಂಗಟ್ಟೆ ಹಕ್ಕಿಗಳು ಗೂಡು ಮಾಡುವ ಮರಗಳಿಂದಲೂ ಹೆಜ್ಜೇನು ಕಟ್ಟಿದ ಮರಗಳಿಂದಲೂ ದೂರವಿರಿ.

ಕೊನೆಯ ಮಾತು

ಡ್ರೋನಿನ ಚಿತ್ರವು ಬೆಳೆಯಲ್ಲಿ ಎಲ್ಲಿ ಏರುಪೇರಾಗಿದೆ ಎಂಬುದನ್ನು ತೋರಿಸುತ್ತದೆ, ಏಕೆ ಎಂಬುದನ್ನು ತಿಳಿಸುವುದಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಂಡ ಫಾಲ್ ಸೈನಿಕ ಹುಳುವಿನ ತತ್ತಿಗಳನ್ನು ಗೋವಿನಜೋಳದ ಎಲೆಯ ಮೇಲೆ ಗುರುತಿಸಲು ಹೊಲದಲ್ಲಿ ನಡೆದೇ ನೋಡಬೇಕು. ಡ್ರೋನು ನಡೆಯಬೇಕಾದ ಜಾಗವನ್ನು ತೋರಿಸಿಕೊಟ್ಟರೆ ಅದರ ಉಪಯೋಗ ಸಾರ್ಥಕ.

ವಿಸ್ತರಣಾ ಕಾರ್ಯಕರ್ತರು ಯುವಕರಿಗೆ ಸಲಹೆ ನೀಡುವಾಗ ಮೊದಲು ಮೂರು ಪ್ರಶ್ನೆ ಕೇಳಬೇಕು: ಮೋಟಾರಿನ ಕೋಷ್ಟಕ ಇದೆಯೇ? ಕಡಿಮೆ ವೋಲ್ಟೇಜ್ ಕಡಿತವನ್ನು ನಿಲ್ಲಿಸಲಾಗಿದೆಯೇ? ಹಾರಿಸುವ ಜಾಗದ ವಲಯ ಪರಿಶೀಲಿಸಲಾಗಿದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬಾರದೆ ಡ್ರೋನು ನೆಲ ಬಿಡಬಾರದು. ಬೆಳೆಯಲ್ಲಿ ಕಂಡ ಏರುಪೇರುಗಳ ಕುರಿತು ಚಿತ್ರಗಳೊಂದಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.